ಹಸುಗೂಸಿನ ಉಸಿರು ಎಣಿಸೋಣ



ನೂರರ ತನಕ ಎಣಿಸೋದು ಈಗ ನಿಮಗೆಲ್ಲ ಬರುತ್ತದೆ. ಆ ಎಣಿಕೆ ಸಂತೆ ಲೆಕ್ಕಕ್ಕೆ ಮಾತ್ರ ಅಲ್ಲ. ಎಳೆಗೂಸಿನ ಜೀವ ಉಳಿಸೋದಕ್ಕೂ ಬೇಕು. ಹೇಗೆ? ಹೇಳುತ್ತೇನೆ, ಕೇಳಿ.

ನಮ್ಮ ರಕ್ತದಲ್ಲಿ ಬಿಳಿ ಕಣಗಳಿವೆ. ಅವು ಮೈಯ ಕಾವಲುಗಾರರು. ರೋಗಾಣು ಒಳಗೆ ಬಂದರೆ ಹಿಡಿದು ನುಂಗುತ್ತವೆ. ಒಮ್ಮೆ ಬಂದ ರೋಗಾಣುವಿನ ಗುರುತು ಇಟ್ಟುಕೊಳ್ಳುತ್ತವೆ. ಆಗ ತಾನೇ ಹುಟ್ಟಿದ ಕೂಸಿಗೂ ಈ ಕಣಗಳಿವೆ. ಆದರೆ ಕೂಡಿಟ್ಟ ದಂಡು ಸಣ್ಣದು. ಶ್ವಾಸಕೋಶಕ್ಕೆ ರೋಗಾಣು ನುಗ್ಗಿದರೆ ಓಡಿ ಹೋಗಿ ಮುಟ್ಟೋದು ನಿಧಾನ. ಹಳೇ ಗುರುತೂ ಇಲ್ಲ.

ಹಾಗಂತ ಕೂಸು ಬರಿಗೈಲಿ ಬಂದಿಲ್ಲ. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ತಾಯಿಯ ರಕ್ತದಿಂದ ರೋಗ ತಡೆಯುವ ವಸ್ತು ಕೂಸಿಗೆ ಹೋಗುತ್ತದೆ. ಅದು ತಾಯಿ ಕಟ್ಟಿಕೊಟ್ಟ ಬುತ್ತಿ. ತಿಂಗಳು ತುಂಬದೆ ಹುಟ್ಟಿದ ಕೂಸಿಗೆ ಈ ಬುತ್ತಿ ಕಡಿಮೆ. ತುಂಬಿ ಹುಟ್ಟಿದರೂ ಕೆಲವು ತಿಂಗಳಲ್ಲಿ ಕರಗಿ ಹೋಗುತ್ತದೆ. ಅದಕ್ಕೇ ನಾಯಿಕೆಮ್ಮು ತಡೆಯುವ ಚುಚ್ಚುಮದ್ದನ್ನು 6, 10, 14ನೇ ವಾರಕ್ಕೆ ಹಾಕುತ್ತಾರೆ.

ಇನ್ನೊಂದು ಬುತ್ತಿ ಹಳದಿ ಬಣ್ಣದ ಮೊದಲ ಹಾಲು. ಕೆಲವರು ಅದನ್ನು ಕೆಟ್ಟ ಹಾಲು ಅಂತ ಹಿಂಡಿ ಚೆಲ್ಲಿಸುತ್ತಾರೆ. ಬುತ್ತಿ ಚೆಲ್ಲಿ ಸಕ್ಕರೆ ನೀರು ಕುಡಿಸೋದು ಯಾವ ನ್ಯಾಯ?

ಈಗ ಮುಖ್ಯ ಮಾತು. ನಮಗೆ ನ್ಯುಮೋನಿಯಾ ಬಂದರೆ ಜ್ವರ ಬರುತ್ತದೆ, ಕೆಮ್ಮು ಬರುತ್ತದೆ. ಹಸುಗೂಸಿಗೆ ಹಾಗೇ ಆಗಬೇಕೆಂದಿಲ್ಲ. ಮೈ ಸುಡುವ ಬದಲು ತಣ್ಣಗಾಗಬಹುದು. ಕೆಮ್ಮೇ ಇರದಿರಬಹುದು. ನಾಯಿಕೆಮ್ಮು ತಗುಲಿದ ಎಳೆಗೂಸು ಕೆಮ್ಮದೆಯೇ ಉಸಿರು ನಿಂತು ನೀಲಿಗಟ್ಟಬಹುದು. "ಜ್ವರ ಇಲ್ಲವಲ್ಲ" ಅಂತ ಮನೆಯವರು ಸುಮ್ಮನಿದ್ದುಬಿಡುತ್ತಾರೆ. ಹೊತ್ತು ಮೀರುವುದು ಹೀಗೆ.

ಹಾಗಾದರೆ ಗುರುತು ಹಿಡಿಯೋದು ಹೇಗೆ? ಉಸಿರು ಎಣಿಸಬೇಕು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ಎಂಬ ವೈದ್ಯ ದಂಪತಿ ಇದ್ದಾರೆ. ಅಲ್ಲಿನ ಸೂಲಗಿತ್ತಿಯರಿಗೆ ದೊಡ್ಡ ಎಣಿಕೆ ಬರುತ್ತಿರಲಿಲ್ಲ. ಅವರಿಗೆಂದೇ ಒಂದು ಮಣಿಚೌಕಟ್ಟು ಮಾಡಿಕೊಟ್ಟರು. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು. ಜೊತೆಗೆ ಒಂದು ನಿಮಿಷದ ಮರಳು ಗಡಿಯಾರ. ಮರಳು ಸುರಿದು ಮುಗಿಯೋದರೊಳಗೆ ಕೆಂಪು ಮಣಿ ಸರಿಯಿತೋ, ನ್ಯುಮೋನಿಯಾ ಅಂತ ಲೆಕ್ಕ. ಓದು ಬಾರದ ಆ ಹೆಂಗಸರು ರೋಗ ಪತ್ತೆ ಹಚ್ಚಿದರು! ನಮಗೆ ಮಣಿಯೂ ಬೇಡ.

ಕೂಸು ಅಳದೆ, ಮೊಲೆ ಕುಡಿಯದೆ ಸುಮ್ಮನೆ ಮಲಗಿರುವಾಗ ಅಂಗಿ ಮೇಲೆತ್ತಿ. ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು. ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ಎಣಿಸಿ. ಆಗಲೂ ಅಷ್ಟೇ ಬಂದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಪಕ್ಕೆ ಒಳಕ್ಕೆ ಸೆಳೆದರೆ, ಮೊಲೆ ಬಿಟ್ಟರೆ, ಮೈ ತಣ್ಣಗಾದರೆ, ನರಳಿದರೆ ಎಣಿಸುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ. ದಾರಿಯಲ್ಲಿ ಕೂಸನ್ನು ಎದೆಗೆ ಅಪ್ಪಿಕೊಂಡು ಬೆಚ್ಚಗಿಡಿ. ಕುಡಿಯುವಂತಿದ್ದರೆ ಮೊಲೆ ಕೊಡುತ್ತಿರಿ.