ಪಾಪ ಅನ್ನಿಸಿದ್ದಕ್ಕೆ

1960ರಲ್ಲಿ ಬಂದ ಹಾರ್ಪರ್ ಲೀ ಕಾದಂಬರಿ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಅಂದ್ರೆ ಎಲ್ಲರೂ ವಕೀಲ ಆಟಿಕಸ್‌ನನ್ನೇ ಹೊಗಳ್ತಾರೆ. ನನ್ನನ್ನು ಕಾಡೋದು ಆರೋಪಿ ಟಾಮ್ ರಾಬಿನ್ಸನ್. 1930ರ ದಶಕದ ಅಲಬಾಮಾ. ಬಿಳಿ ಹುಡುಗಿ ಮಯೆಲ್ಲಾಳ ಮೇಲೆ ಅತ್ಯಾಚಾರ ಮಾಡಿದ ಅಂತ ಈ ಕಪ್ಪು ಕೂಲಿಯವನ ಮೇಲೆ ಸುಳ್ಳು ಕೇಸು. ಏಟು ಬಿದ್ದಿದ್ದು ಅವಳ ಮುಖದ ಬಲಗಡೆಗೆ, ಅಂದ್ರೆ ಹೊಡೆದವನು ಎಡಚ. ಟಾಮ್‌ನ ಎಡಗೈ ಹತ್ತಿ ಜಿನ್ನಿಗೆ ಸಿಕ್ಕಿ ಸತ್ತೇಹೋಗಿದೆ. ನಮ್ಮಂಥ ಇಂಜಿನಿಯರುಗಳಿಗೆ ಲಾಜಿಕ್ ಅಲ್ಲಿಗೇ ಮುಗೀತು. ಜ್ಯೂರಿಗೆ ಮುಗೀಲಿಲ್ಲ.

ಅವಳ ಮನೆಕೆಲಸ ಪುಕ್ಕಟೆ ಯಾಕೆ ಮಾಡಿಕೊಡ್ತಿದ್ದೆ ಅಂತ ಸರ್ಕಾರಿ ವಕೀಲ ಕೇಳಿದಾಗ, ಪಾಪ ಅನ್ನಿಸ್ತು ಅಂದುಬಿಡ್ತಾನೆ. ಬಿಳಿಯರಿಗೆ ಅದೇ ಚುಚ್ಚಿದ್ದು. ಕಪ್ಪು ಮನುಷ್ಯ ಬಿಳಿಯವಳನ್ನು ನೋಡಿ ಪಾಪ ಅನ್ನೋದಾ! ಕನಿಕರ ಪಡೋಕೂ ಒಂದು ಮೆಟ್ಟಿಲು ಮೇಲಿರಬೇಕು ಅನ್ನೋದು ಅವರ ಲೆಕ್ಕ.

ಆಟಿಕಸ್‌ನ ಧೈರ್ಯ ದೊಡ್ಡದೇ. ಆದರೆ ತೀರ್ಪಾದ ಮೇಲೆ ಅವನು ಮನೆಗೆ ಹೋದ. ಟಾಮ್ ಜೈಲಿಗೆ ಹೋಗಿ, ಬೇಲಿ ಹತ್ತಿ ಓಡೋಕೆ ನೋಡಿ, 17 ಗುಂಡು ತಿಂದ.