ಮರದ ಮದ್ದು, ಪೊಟ್ಟಣದ ಪುಡಿ

(ನಮ್ಮ ಸಂಘದ ಪುಣೆಯ ಸಭೆಯಲ್ಲಿ ಮಾಡಿದ ಭಾಷಣ)



ನಾವು ಡಾಕ್ಟರರಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಕಪ್ಪು-ಬಸಿ ತೊಳೆದು ಮೇಲೆ ಬಂದವರು. ಆದರೂ ಈ ದಿನ ಒಂದು ಕಾಯಿಲೆಯ ಮಾತನ್ನು ಎತ್ತಬೇಕಾಗಿದೆ. ಕಳೆದ ವರ್ಷ ನಮ್ಮ ಜೊತೆಗಾರರೊಬ್ಬರನ್ನು ಕಳೆದುಕೊಂಡೆವು. ಇಪ್ಪತ್ತು ವರ್ಷ ದೋಸೆ ಹುಯ್ದ ಕೈ ಅದು. ಮಲದಲ್ಲಿ ರಕ್ತ ಕಂಡಾಗ ಅವರು ಮೂಲವ್ಯಾಧಿಯೆಂದರು, ನಾವೂ ಹೌದೆಂದೆವು. ಯಾರೋ ಮಾರಿದ ಕಾಡುಮರದ ಪುಡಿಯನ್ನು ಎಂಟು ತಿಂಗಳು ನುಂಗಿದರು. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ದೊಡ್ಡ ಕರುಳಿನ ಕ್ಯಾನ್ಸರು ಪಿತ್ತಜನಕಾಂಗಕ್ಕೂ ಹಬ್ಬಿತ್ತು. ತಪ್ಪು ಪುಡಿ ಮಾರಿದವನದು ಮಾತ್ರವಲ್ಲ, ಸುಮ್ಮನಿದ್ದ ನಮ್ಮದೂ ಹೌದು.

ಮರದಲ್ಲಿ ಮದ್ದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇದೆ, ಬಂಧುಗಳೇ. ನಮ್ಮ ಸಹ್ಯಾದ್ರಿಯಲ್ಲಿಯೇ ಇದೆ. ಹೂವಿನ ಕೆಟ್ಟ ನಾತದಿಂದ ಕನ್ನಡದಲ್ಲಿ ಅದಕ್ಕೆ ದುರ್ವಾಸನೆ ಮರವೆಂದು ಹೆಸರು. ಇಲ್ಲಿಯ ಮರಾಠಿ ಜನ ನರಕ್ಯಾ ಎನ್ನುತ್ತಾರೆ. 1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಇದೇ ಮಹಾರಾಷ್ಟ್ರದ ನಂದುರಬಾರದಲ್ಲಿ ಹುಟ್ಟಿದ ಮನಸುಖ ವಾಣಿ ಎಂಬ ವಿಜ್ಞಾನಿಗಳು ಚೀನದ ಒಂದು ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಕಂಡುಹಿಡಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ವಸ್ತು ನಮ್ಮ ದುರ್ವಾಸನೆ ಮರದಲ್ಲಿಯೂ ಇದೆಯೆಂದು ತೋರಿಸಿದರು.

ಹಾಗಾದರೆ ತೊಗಟೆ ಅರೆದು ಕುಡಿಯೋಣವೇ? ಸರ್ವಥಾ ಕೂಡದು. ಜೀವಕೋಶ ಎರಡಾಗುವಾಗ ಅದರೊಳಗಿನ ಎಳೆ ತುಂಡಾಗಿ ಮತ್ತೆ ಕೂಡಬೇಕು. ಈ ವಸ್ತು ಆ ಎಳೆಯನ್ನು ಕೂಡಗೊಡದು. ಹರಿದ ನೂಲನ್ನು ಜೋಡಿಸದಿದ್ದರೆ ಮಗ್ಗದ ಗತಿ ಏನೆಂಬುದನ್ನು ಗಿರಣಿಯ ಸೋದರರು ಬಲ್ಲರು. ಆದರೆ ಅದು ಕ್ಯಾನ್ಸರಿನ ಕೋಶ, ಒಳ್ಳೆಯ ಕೋಶ ಎಂಬ ಭೇದ ಎಣಿಸದು. 1970ರ ಆಸುಪಾಸಿನಲ್ಲಿ ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರದಲ್ಲಿ ರಕ್ತ ಬಂದು, ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಆಮೇಲೆ ಜಪಾನಿನವರು ಅದನ್ನು ಮಾರ್ಪಡಿಸಿ ಇರಿನೊಟೆಕಾನ್ ಎಂಬ ಔಷಧ ಮಾಡಿದರು. 1996ರಲ್ಲಿ ಅಮೆರಿಕದಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿಗೆ ಅದಕ್ಕೆ ಒಪ್ಪಿಗೆ ಸಿಕ್ಕಿತು. ಮರದಿಂದ ರೋಗಿಯ ನರಕ್ಕೆ ಬರಲು ಮೂವತ್ತು ವರ್ಷ ಹಿಡಿಯಿತು! ಇಂದಿಗೂ ಅದನ್ನು ರಕ್ತ ಪರೀಕ್ಷಿಸಿ, ಅಳೆದು ಕೊಡಬೇಕು; ಜೋರು ಭೇದಿಯಾಗುವುದುಂಟು.

ಈಗ ವಿಜ್ಞಾನಿಗಳು ಇನ್ನೊಂದು ಹಾದಿ ಹುಡುಕಿದ್ದಾರೆ. ಬಿಸಿ ಸಾರನ್ನು ಬೊಗಸೆಯಲ್ಲಿ ಒಯ್ದರೆ ದಾರಿಯುದ್ದಕ್ಕೂ ಚೆಲ್ಲುತ್ತದೆ. ಡಬ್ಬಿಯಲ್ಲಿ ಹಾಕಿದರೆ ಗಿರಾಕಿಯ ಮನೆ ಸೇರುತ್ತದೆ. ಹಾಗೆಯೇ ಔಷಧವನ್ನು ಕೊಬ್ಬಿನ ಅತಿಸೂಕ್ಷ್ಮ ಗುಳ್ಳೆಯಲ್ಲಿ ತುಂಬುತ್ತಾರೆ. ಗುಳ್ಳೆಯ ಗಾತ್ರ ಮಿಲಿಮೀಟರಿನ ಸುಮಾರು 10,000ದಲ್ಲಿ ಒಂದು ಪಾಲು. ಇದಕ್ಕೆ ನ್ಯಾನೊ ಕಣವೆನ್ನುತ್ತಾರೆ. ಇರಿನೊಟೆಕಾನಿನ ಇಂಥ ಡಬ್ಬಿಗೆ 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಆದರೆ ಅದು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ. ನಮ್ಮ ಅಡಿಗೆಮನೆಯ ಅರಿಸಿನದ ಕುರ್ಕುಮಿನ್ ನೀರಿನಲ್ಲಿ ಕರಗದು, ತಿಂದರೆ ರಕ್ತಕ್ಕೆ ಸೇರುವುದು ಅತಿ ಕಡಿಮೆ. ಅದಕ್ಕೂ ಇಂಥ ಡಬ್ಬಿ ಮಾಡುವ ಸಂಶೋಧನೆ ನಡೆದಿದೆ. ಸಂಶೋಧನೆಯೇ ಹೊರತು ಚಿಕಿತ್ಸೆಯಲ್ಲ. 'ನ್ಯಾನೊ ಅರಿಸಿನ' ಎಂದು ಯಾರಾದರೂ ಪೊಟ್ಟಣ ಮಾರಿದರೆ ಪಗಾರ ಕೊಟ್ಟು ಮೋಸಹೋಗಬೇಡಿರಿ.

ನಾವು ಮಾಡಬೇಕಾದುದೇನು? ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಶೌಚ, ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಸುಸ್ತು: ಇವು ಕಂಡರೆ ನಾಚಬೇಡಿರಿ. ಎಲ್ಲವೂ ಕ್ಯಾನ್ಸರಲ್ಲ, ಆದರೆ ಪರೀಕ್ಷಿಸದೆ ತಿಳಿಯದು. ಬೇಗ ಸಿಕ್ಕಿದರೆ ಶಸ್ತ್ರಚಿಕಿತ್ಸೆಯಿಂದಲೇ ಅನೇಕರು ಗುಣವಾಗುತ್ತಾರೆ. ಇ.ಎಸ್.ಐ. ಕಾರ್ಡು ಇದ್ದವರು ಅದನ್ನು ಬಳಸಿರಿ. ಇಲ್ಲದವರಿಗೆ ಸಸೂನ್ ಸರಕಾರಿ ಆಸ್ಪತ್ರೆಯಿದೆ. ಒಂದು ದಿನದ ಕೂಲಿ ಹೋದೀತೆಂಬ ಅಂಜಿಕೆ ನಮಗೂ ಗೊತ್ತು. ರಜೆ ಕೇಳಲು ಗಲ್ಲಾದ ಮುಂದೆ ಒಬ್ಬರೇ ನಿಲ್ಲಬೇಡಿರಿ, ಸಂಘಕ್ಕೆ ಹೇಳಿರಿ. ನಾವು ಜೊತೆಗೆ ಬರುತ್ತೇವೆ, ಆಸ್ಪತ್ರೆಯ ಸಾಲಿನಲ್ಲಿಯೂ ನಿಲ್ಲುತ್ತೇವೆ.

ಆ ಜೊತೆಗಾರರಿಗೆ ಈ ಮಾತನ್ನು ಹೇಳದೆ ಹೋದೆವು. ನಿಮಗೆ ಹೇಳಿದ್ದೇವೆ.