ಅಂಜದೀವದಿಂದ ಮಾಹಿಮಿನವರೆಗೆ: ಪರಂಗಿ ಪ್ರಭುತ್ವಗಳ ಜಗಳ ಮತ್ತು ನಮ್ಮ ಕರಾವಳಿ

(ಬೊರಿವಲಿಯಲ್ಲಿ ಸಂಘದ ಆಶ್ರಯದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪೋರ್ಚುಗಲ್ಲಿನ ರಾಜಕುಮಾರಿ ಇಂಗ್ಲೆಂಡಿನ ದೊರೆಯ ಕೈ ಹಿಡಿದಾಗ ಮುಂಬಯಿ ವರದಕ್ಷಿಣೆಯಾಗಿ ಸಂದಿತು ಎಂಬ ಮಾತನ್ನು ನಾವೆಲ್ಲ ಶಾಲೆಯಲ್ಲಿ ಉರುಹೊಡೆದವರೇ. ನಮ್ಮ ಮಕ್ಕಳೂ ಅದನ್ನೇ ಉರುಹೊಡೆಯುತ್ತಿದ್ದಾರೆ. ಆ ಮಾತಿನಲ್ಲಿ ರಾಜನಿದ್ದಾನೆ, ರಾಣಿಯಿದ್ದಾಳೆ, ಒಂದು ದ್ವೀಪವಿದೆ. ಆ ದ್ವೀಪದಲ್ಲಿ ಮೀನು ಹಿಡಿಯುತ್ತಿದ್ದವರು, ಗದ್ದೆ ಉಳುತ್ತಿದ್ದವರು, ತೆಂಗಿನ ಮರ ಹತ್ತುತ್ತಿದ್ದವರು ಇಲ್ಲ. ಇನ್ನೊಂದು ಸಂಗತಿಯೂ ಅದರಲ್ಲಿ ಬಿಟ್ಟುಹೋಗಿದೆ. ಮದುವೆಯ ಒಪ್ಪಂದಕ್ಕೆ ಸಹಿ ಬಿದ್ದದ್ದು 1661ರ ಜೂನ್ ತಿಂಗಳಲ್ಲಿ. ಇಂಗ್ಲಿಷರು ದ್ವೀಪವನ್ನು ವಶಕ್ಕೆ ಪಡೆದದ್ದು 1665ರ ಫೆಬ್ರವರಿ 18ರಂದು. ನಡುವೆ ಉರುಳಿದ ಮೂರು ವರ್ಷ ಎಂಟು ತಿಂಗಳು ಏನು ನಡೆಯಿತು? ಅದರ ಬಹುಪಾಲು ಉತ್ತರ ಇರುವುದು ಮುಂಬಯಿಯಲ್ಲಿ ಅಲ್ಲ, ನಮ್ಮ ಕಾರವಾರದ ಎದುರಿನ ಕಡಲಿನಲ್ಲಿ. ಇಂದು ನಾನು ಹೇಳಬೇಕೆಂದಿರುವುದು ಆ ಕಥೆಯನ್ನು.

ಮೊದಲು ನಾವು ಕುಳಿತಿರುವ ನೆಲದಿಂದಲೇ ಪ್ರಾರಂಭಿಸೋಣ. ಬೊರಿವಲಿ ಆಗ ಮುಂಬಯಿ ಆಗಿರಲಿಲ್ಲ. ಇದು ಸಾಷ್ಟಿ ದ್ವೀಪ. ಆಡಳಿತಕ್ಕೆ ವಸಯಿಯ ಕೋಟೆಯನ್ನು ಅವಲಂಬಿಸಿದ್ದ ಸೀಮೆ. ಗುಜರಾತಿನ ಸುಲ್ತಾನ ಬಹಾದುರ ಶಾಹ 1534ರಲ್ಲಿ ವಸಯಿಯನ್ನೂ ಅದಕ್ಕೆ ಸೇರಿದ ಸಾಷ್ಟಿ, ಮುಂಬಯಿ ಮೊದಲಾದ ಸೀಮೆಗಳನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ನಮ್ಮ ಪಕ್ಕದ ಮಂಡಪೇಶ್ವರ ಗುಹೆಯನ್ನು ನೋಡದವರು ಇಲ್ಲಿ ಕಡಿಮೆ. ಶಿವನ ಆ ಗುಹಾಲಯವನ್ನು 16ನೆಯ ಶತಮಾನದಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಇಗರ್ಜಿಯಾಗಿ ಮಾರ್ಪಡಿಸಿದರು; ಮೇಲೆ ಕಟ್ಟಿದ ಮಠದ ಪಾಳುಗೋಡೆಗಳು ಇಂದಿಗೂ ನಿಂತಿವೆ. ಐ.ಸಿ. ಕಾಲನಿ ಎಂದು ನಾವು ದಿನವೂ ರಿಕ್ಷಾದವನಿಗೆ ಹೇಳುವ ಆ ಎರಡಕ್ಷರ ಇಮ್ಯಾಕ್ಯುಲೇಟ್ ಕನ್ಸೆಪ್ಶನ್ ಇಗರ್ಜಿಯ ಹೆಸರಿನವು. ಗುಹೆಯ ಮೇಲಿನ ಇಗರ್ಜಿಯಿಂದ ಬಂದ ಹೆಸರು ಅದು. ಹಾಗೆಂದು ಕಡಲ ಕಾಳಗ ಪರಂಗಿಯವರೊಂದಿಗೇ ಇಲ್ಲಿಗೆ ಬಂದಿತೆಂದು ತಿಳಿಯಬಾರದು. ಇದೇ ಬೊರಿವಲಿಯ ಎಕ್ಸರಿನಲ್ಲಿ ಹುಟ್ಟುಹಾಕುವ ಹಡಗುಗಳ ಸಾಲನ್ನೇ ಕೆತ್ತಿದ ವೀರಗಲ್ಲುಗಳಿವೆ. 13ನೆಯ ಶತಮಾನದಲ್ಲಿ ಯಾದವ ಮಹಾದೇವನಿಗೂ ಶಿಲಾಹಾರ ಸೋಮೇಶ್ವರನಿಗೂ ನಡೆದ ನೌಕಾಯುದ್ಧದ ನೆನಪು ಅವು ಎಂದು ವಿದ್ವಾಂಸರು ಹೇಳುತ್ತಾರೆ. ವೀರಗಲ್ಲು ಎಂದೊಡನೆ ನಮ್ಮ ಕಣ್ಣು ಊರಿನ ಕಡೆಗೆ ಹೊರಳುತ್ತದೆ. ಕೂಗಳತೆಯಲ್ಲಿರುವುದನ್ನು ಒಮ್ಮೆ ಹೋಗಿ ನೋಡಿ ಬನ್ನಿ.

ಪೋರ್ಚುಗೀಸರು ಮುಂಬಯಿಯಂತಹ ಬಂದರನ್ನು ಕೈಬಿಟ್ಟದ್ದು ಯಾಕೆ? ಔದಾರ್ಯದಿಂದಲ್ಲ, ಡಚ್ಚರ ಭಯದಿಂದ. 1622ರಲ್ಲಿ ಹೋರ್ಮುಜ್, 1650ರಲ್ಲಿ ಮಸ್ಕತ್, 1656ರಲ್ಲಿ ಕೊಲಂಬೊ, ಹೀಗೆ ಒಂದೊಂದಾಗಿ ಕೋಟೆಗಳು ಅವರ ಕೈತಪ್ಪಿದ್ದವು. ಗೋವೆಯ ಬಂದರಿನ ಬಾಯಲ್ಲೇ ಡಚ್ಚರ ಹಡಗುಗಳು ವರ್ಷವರ್ಷವೂ ಲಂಗರು ಹಾಕಿ ಕಾಯುತ್ತಿದ್ದವು. ಕನ್ನಡ ಕರಾವಳಿಯಲ್ಲಿ 1568-69ರ ಸುಮಾರಿಗೆ ಅವರು ಹಿಡಿದಿದ್ದ ಮಂಗಳೂರು, ಹೊನ್ನಾವರ, ಬಸರೂರು ಕೋಟೆಗಳನ್ನು ಕೆಳದಿಯ ಶಿವಪ್ಪ ನಾಯಕ 1652-54ರ ನಡುವೆ ಕಿತ್ತುಕೊಂಡಿದ್ದ. ಹೀಗಾಗಿ ಲಿಸ್ಬನ್ನಿಗೆ ಒಬ್ಬ ಬಲಿಷ್ಠ ಬೀಗ ಬೇಕಾಗಿತ್ತು. ಡಚ್ಚರ ವಿರುದ್ಧ ಪೋರ್ಚುಗೀಸರ ಭಾರತದ ನೆಲೆಗಳನ್ನು ಇಂಗ್ಲೆಂಡು ಕಾಯಬೇಕು ಎಂಬ ಗುಟ್ಟಿನ ಕಲಮು ಮದುವೆಯ ಒಪ್ಪಂದದಲ್ಲಿ ಸೇರಿತು. ಮುಂಬಯಿ ಆ ಕಾವಲಿಗೆ ಕೊಟ್ಟ ಕೂಲಿ.

1662ರಲ್ಲಿ ಮಾರ್ಲ್‌ಬರೋ ಎಂಬ ಇಂಗ್ಲಿಷ್ ಸರದಾರನ ನೌಕಾಪಡೆ ಮುಂಬಯಿಗೆ ಬಂತು. ದ್ವೀಪವನ್ನು ಆಳಬೇಕಾಗಿದ್ದ ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರೊಂದಿಗೆ ಬಂದಿದ್ದ. ವಿನೋದವೆಂದರೆ, ದ್ವೀಪವನ್ನು ಒಪ್ಪಿಸಿಕೊಡಬೇಕಾದ ಪೋರ್ಚುಗೀಸ್ ಅಧಿಪತಿ ಅಂತೋನಿಯೊ ದ ಮೆಲ್ಲೊ ಕಾಸ್ತ್ರೊ ಕೂಡ ಅದೇ ಪಡೆಯೊಂದಿಗೆ ಪ್ರಯಾಣ ಮಾಡಿ ಬಂದವನು. ಬಂದಮೇಲೆ ಆತ, ಕಾಗದಪತ್ರ ಕ್ರಮಬದ್ಧವಾಗಿಲ್ಲ, ಒಪ್ಪಿಸಲಾರೆ ಎಂದ. ಮುಂಬಯಿ ಎಂದರೆ ಎಷ್ಟು ನೆಲ ಎಂಬುದೇ ವಿವಾದವಾಯಿತು. ಸಾಷ್ಟಿ, ಠಾಣೆಗಳೆಲ್ಲ ಸೇರಿ ಮುಂಬಯಿ ಎಂದು ಇಂಗ್ಲಿಷರು. ಒಂದು ಪುಟ್ಟ ದ್ವೀಪ ಮಾತ್ರ ಎಂದು ಪೋರ್ಚುಗೀಸರು. ಸಹಿ ಹಾಕಿದವರು ಈ ಕಡೆ ತಲೆಹಾಕಿಯೂ ನೋಡಿದವರಲ್ಲ. ಇಂಗ್ಲಿಷರ ವಾದ ಗೆದ್ದಿದ್ದರೆ ಬೊರಿವಲಿ 1665ರಲ್ಲೇ ಮುಂಬಯಿಗೆ ಸೇರುತ್ತಿತ್ತು!

ಹಡಗಿನಲ್ಲಿ ಬಂದ ಸೈನಿಕರ ಗತಿಯೇನು? ಸೂರತಿನ ಕೋಠಿಯ ಮುಖ್ಯಸ್ಥ ಆಕ್ಸೆಂಡನ್, ಮೊಗಲರ ಸುಬೇದಾರ ಮುನಿಯುತ್ತಾನೆಂದು ಅವರನ್ನು ಇಳಿಸಿಕೊಳ್ಳಲು ಹಿಂಜರಿದ. ಕೊನೆಗೆ ಅವರನ್ನು ಇಳಿಸಿದ್ದು ಕಾರವಾರದ ದಕ್ಷಿಣಕ್ಕೆ, ಬಿಣಗಾದ ಎದುರಿಗಿರುವ ಅಂಜದೀವ ದ್ವೀಪದಲ್ಲಿ. ವಾಸ್ಕೊ ಡ ಗಾಮ 1498ರಲ್ಲಿ ತಂಗಿದ್ದ ದ್ವೀಪ ಅದು. 1505ರಲ್ಲಿ ಅಲ್ಮೇಡ ಅಲ್ಲಿ ಕೋಟೆ ಕಟ್ಟಿದ್ದ, ಮರುವರ್ಷವೇ ಪೋರ್ಚುಗೀಸರು ಅದನ್ನು ಕೆಡವಿ ಹೊರಟಿದ್ದರು. ಮಾರ್ಲ್‌ಬರೋ ಹಡಗುಗಳನ್ನು ಹಿಂದಿರುಗಿಸಿಕೊಂಡು ಇಂಗ್ಲೆಂಡಿಗೆ ಹೋದ. ಅಂಜದೀವದಲ್ಲಿ ಉಳಿದವರಿಗೆ ಎರಡು ಮಳೆಗಾಲಗಳು ಎದುರಾದವು. ಕಾರವಾರದ ಆಷಾಢ ಎಂತಹದೆಂದು ನಿಮ್ಮಲ್ಲಿ ಆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಸೂರು ಸಾಲದೆ, ಒಗ್ಗದ ಆಹಾರ ತಿಂದು, ಜ್ವರ-ಅತಿಸಾರಗಳಿಂದ ಅವರು ಸತ್ತರು. 1664ರಲ್ಲಿ ಶಿಪ್‌ಮನ್ ಕೂಡ ಸತ್ತ. ಕೊನೆಗೆ ಜೀವಸಹಿತ ಮುಂಬಯಿಗೆ ಬಂದವರು ನೂರರ ಆಸುಪಾಸು ಮಾತ್ರ. ಆಳುವ ಜನಾಂಗದವರೆಂದು ಅವರ ಬಗ್ಗೆ ನಿರ್ದಯರಾಗುವುದು ಸುಲಭ. ಆದರೆ ಸಂಬಳಕ್ಕಾಗಿ ಹಡಗು ಹತ್ತಿದ ಬಡವರೇ ಅವರಲ್ಲಿ ಹೆಚ್ಚು. ಎರಡು ಅರಮನೆಗಳು ಕಾಗದದ ಮೇಲೆ ಜಗಳವಾಡಿದವು, ಸಾವು ಅವರಿಗೆ ಬಂತು.

ಈ ನಡುವೆ, 1663ರ ಜನವರಿಯಲ್ಲಿ, ಡಚ್ಚರು ಕೊಚ್ಚಿಯನ್ನು ಗೆದ್ದರು. ಇಂಗ್ಲಿಷರು ನೆರವಿಗೆ ಬರಲಿಲ್ಲ. ಪೋರ್ಚುಗೀಸ್ ಅಧಿಪತಿಯ ಸಿಟ್ಟು ಇನ್ನಷ್ಟು ಏರಿತು. ಮುಂಬಯಿಯಲ್ಲಿ ಇಂಗ್ಲಿಷರು ಬೇರೂರಿದ ದಿನವೇ ಹಿಂದೂಸ್ಥಾನ ನಮ್ಮ ಕೈಬಿಟ್ಟಂತೆ ಎಂಬ ಅರ್ಥದಲ್ಲಿ ಆತ ತನ್ನ ದೊರೆಗೆ ಬರೆದ. ಈ ವಿಷಯದಲ್ಲಿ ಅವನ ಕಣ್ಣು ಅರಸನ ಕಣ್ಣಿಗಿಂತ ಚುರುಕಾಗಿತ್ತು.

ಕೊನೆಗೂ ದ್ವೀಪವನ್ನು ಪಡೆದವನು ಶಿಪ್‌ಮನ್ನನ ಕಾರ್ಯದರ್ಶಿಯಾಗಿದ್ದ ಹಂಫ್ರಿ ಕುಕ್. ಹಿಡಿ ಮಣ್ಣು, ನಾಲ್ಕು ಕಲ್ಲು ಅವನ ಕೈಗೆ ಬಂದವು. ಆದರೆ ಅವನು ಒಪ್ಪಿಕೊಂಡ ಕರಾರುಗಳನ್ನು ನಾವು ಇಲ್ಲಿ, ಈ ಊರಿನಲ್ಲಿ, ಗಮನವಿಟ್ಟು ಓದಬೇಕು. ಪೋರ್ಚುಗೀಸರ ಹಳ್ಳಿಗಳಿಂದ ಬರುವ ಕುಣಬಿ, ಭಂಡಾರಿ ಮೊದಲಾದ ದುಡಿಯುವ ಜನರನ್ನು ಮುಂಬಯಿಯಲ್ಲಿ ಇರಗೊಡಬಾರದು, ಬಂದವರನ್ನು ಹಿಂದಕ್ಕೆ ಒಪ್ಪಿಸಬೇಕು ಎಂಬುದು ಅವುಗಳಲ್ಲಿ ಒಂದು. ಎಂದರೆ ಸಾಷ್ಟಿಯ ಗದ್ದೆಯಿಂದ, ಈ ಬೊರಿವಲಿ-ಕಾಂದಿವಲಿಗಳ ಕಡೆಯಿಂದ, ಹೊಟ್ಟೆಪಾಡಿಗೆ ಮುಂಬಯಿಗೆ ಹೊರಟವನನ್ನು ತಡೆಯುವುದು! ನೆಲವಿದ್ದು ಜನರಿಲ್ಲದಿದ್ದರೆ ಕಂದಾಯ ಎಲ್ಲಿಂದ ಬರಬೇಕು? ಎರಡು ಸಾಮ್ರಾಜ್ಯಗಳೂ ಕಾದಾಡಿದ್ದು ಮಣ್ಣಿಗಾಗಿ ಎಂದು ಪುಸ್ತಕ ಹೇಳುತ್ತದೆ. ಕರಾರು ಓದಿದರೆ ಅವು ಕಾದಾಡಿದ್ದು ಆಳುಗಳಿಗಾಗಿ ಎಂದು ತೋರುತ್ತದೆ. ಮುಂಬಯಿಗೆ ಯಾರು ಬರಬಹುದು, ಯಾರು ಬರಬಾರದು ಎಂಬ ತಕರಾರು ನಮ್ಮ ಕಾಲದ್ದೆಂದು ನಾವು ಭಾವಿಸಿದ್ದೇವೆ. ಪರಂಗಿಯವರ ಮುಂಬಯಿಯ ದಸ್ತಾವೇಜಿನ ಮೊದಲ ಪುಟದಲ್ಲೇ ಅದು ಇದೆ.

ಕರಾರನ್ನು ಯಾರೂ ಪಾಲಿಸಲಿಲ್ಲ. ಕುಕ್ ಬೇಗನೆ ಮಾಹಿಮನ್ನೂ ಸೇರಿಸಿಕೊಂಡ. 1668ರಲ್ಲಿ ಇಂಗ್ಲೆಂಡಿನ ದೊರೆ ಇಡೀ ದ್ವೀಪವನ್ನು ವರ್ಷಕ್ಕೆ 10 ಪೌಂಡು ಗೇಣಿಗೆ ಕಂಪನಿಗೆ ಬಿಟ್ಟ. ಆಮೇಲೆ ಎಪ್ಪತ್ತು ವರ್ಷ ಮಾಹಿಮಿನ ಖಾಡಿಯೇ ಎರಡು ಯುರೋಪಿಯನ್ ಸಾಮ್ರಾಜ್ಯಗಳ ಗಡಿಯಾಯಿತು. ಅತ್ತ ಬಾಂದ್ರಾದಲ್ಲಿ ಪೋರ್ಚುಗೀಸ್ ಕೋಟೆ, ಇತ್ತ ಮಾಹಿಮಿನಲ್ಲಿ ಇಂಗ್ಲಿಷ್ ಕೋಟೆ. ಚರ್ಚ್‌ಗೇಟ್ ಫಾಸ್ಟ್ ಲೋಕಲಿನಲ್ಲಿ ನೀವು ಪ್ರತಿ ಬೆಳಿಗ್ಗೆ ನಿಂತುಕೊಂಡೇ ದಾಟುವ ಗಡಿ ಅದು. ಮುಂಬಯಿಯಿಂದ ಒಳನಾಡಿಗೆ ಹೋಗುವ ದೋಣಿಗಳಿಂದ ಠಾಣೆಯಲ್ಲಿ, ಕಾರಂಜದಲ್ಲಿ ಪೋರ್ಚುಗೀಸರು ಸುಂಕ ಕೀಳುತ್ತಿದ್ದರು. ಕಂಪನಿಯ ಕಾಗದಗಳಲ್ಲಿ ಈ ಸುಂಕದ ಗೋಳು ಮುಗಿಯುವುದೇ ಇಲ್ಲ.

ಇನ್ನು ನಮ್ಮ ಕಡೆಗೆ. ಕುಕ್ ಮುಂಬಯಿಯಲ್ಲಿ ಮಣ್ಣು ಹಿಡಿದ ಅದೇ 1665ರ ಫೆಬ್ರವರಿಯಲ್ಲಿ ಶಿವಾಜಿ ಮಹಾರಾಜರ ನೌಕಾಪಡೆ ಮಾಲವಣದಿಂದ ಹೊರಟು ಬಸರೂರನ್ನು ಸೂರೆಮಾಡಿತು. ಹಿಂದಿರುಗುವಾಗ ಗೋಕರ್ಣದ ದರ್ಶನ, ಬಳಿಕ ಕಾರವಾರ. ಅಲ್ಲಿಯ ವ್ಯಾಪಾರಿಗಳು ಸೇರಿ ಕೊಟ್ಟ ಕಾಣಿಕೆಯಲ್ಲಿ ಇಂಗ್ಲಿಷ್ ಕೋಠಿಯ ಪಾಲು 112 ಪೌಂಡು. ಮಹಾರಾಷ್ಟ್ರದಲ್ಲಿ ನಿಂತು ಇದನ್ನು ಹೇಳುವುದಕ್ಕೆ ಅಳುಕಬೇಕಾಗಿಲ್ಲ. ಮರಾಠಿ ಇತಿಹಾಸಕಾರರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ನಾವು ಕೇಳಬೇಕಾದ ಪ್ರಶ್ನೆ ಬೇರೆ. ದೂರದ ಮಾಲವಣದಿಂದ ಹಡಗು ಕಟ್ಟಿಕೊಂಡು ಬರುವಷ್ಟು ಸಂಪತ್ತು ಬಸರೂರಿನಲ್ಲಿ ಏನಿತ್ತು?

ಅಕ್ಕಿ. ಪೋರ್ಚುಗೀಸರ ಬಾಯಲ್ಲಿ ಬಸರೂರು ಬರ್ಸೆಲೋರ್, ಹೊನ್ನಾವರ ಓನೋರ್. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಎಂದು ಕರೆದದ್ದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಮೆಣಸು ಲಿಸ್ಬನ್ನಿನ ಊಟಕ್ಕೆ ರುಚಿ ಕೊಟ್ಟಿತು. ಗೋವೆಯ ಹೊಟ್ಟೆ ತುಂಬಿಸಿದ್ದು ಕನ್ನಡ ಜಿಲ್ಲೆಯ ಅಕ್ಕಿ. ಗೋವೆಗೆ, ಮಲಬಾರಿಗೆ, ಮಸ್ಕತ್ತಿಗೆ ಅಕ್ಕಿ ಹೊತ್ತ ಮಚವೆಗಳು ಗಂಗೊಳ್ಳಿಯ ಅಳಿವೆಯಿಂದ ಹೊರಟವು. ಪೋರ್ಚುಗೀಸರ ರಹದಾರಿ ಚೀಟಿಯಿಲ್ಲದೆ ಕಡಲಿಗಿಳಿದ ಹಡಗು ಅವರ ಪಾಲು; ಅಕ್ಕಿಯ ಸಾಲುಹಡಗುಗಳಿಗೆ ಅವರದೇ ಬೆಂಗಾವಲು. ಡಚ್ಚರು ಬಸರೂರಿಗೆ ಬಂದದ್ದೂ ಅಕ್ಕಿಗೇ.

ಇದನ್ನು ಕೆಳದಿಯ ಅರಸರು ಬಲ್ಲರು. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯೊಂದಿಗೆ ಹೊನ್ನಾವರದಿಂದ ಗೇರುಸೊಪ್ಪೆಯ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ವೆಂಕಟಪ್ಪ ನಾಯಕನ ಕಡೆಯ ರಾಯಭಾರಿ ವಿಠಲ ಶೆಣೈಯೂ ಜೊತೆಗಿದ್ದ. ಮೆಣಸಿನ ವ್ಯವಹಾರ ಒಂದು, ವೆಂಕಟಪ್ಪ ಸೋಲಿಸಿದ್ದ ಬಂಗರಸನ ಸೀಮೆಯ ವಿಚಾರ ಇನ್ನೊಂದು. ಹಿಂದಿನ ವರ್ಷವಷ್ಟೇ ಪೋರ್ಚುಗೀಸರು ಹೋರ್ಮುಜನ್ನು ಕಳೆದುಕೊಂಡಿದ್ದರು. ಘಟ್ಟದ ಮೇಲೆ ಕುಳಿತ ಅರಸನಿಗೆ ಪರ್ಷಿಯಾದ ಕಡಲಿನ ಸುದ್ದಿ ತಿಳಿದಿತ್ತು, ಅದರ ಬೆಲೆಯೂ ತಿಳಿದಿತ್ತು. 1671ರಲ್ಲಿ ಪೋರ್ಚುಗೀಸರು ಮತ್ತೆ ಕೋಠಿ ಕೇಳಿಕೊಂಡು ಬಂದಾಗ ಕೆಳದಿಯ ಷರತ್ತು ಹೀಗಿತ್ತು: ಕೋಠಿ ಕಟ್ಟಿಕೊಳ್ಳಿ, ಆದರೆ ಒಂದೇ ಗೋಡೆ, ಬುರುಜು ಕೂಡದು. ವ್ಯಾಪಾರಿಯಾಗಿ ಬಾ, ಕೋಟೆಯ ಧಣಿಯಾಗಿ ಬೇಡ ಎಂಬುದನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲಾಗದು. ಚೆನ್ನಮ್ಮಾಜಿಯ ಕಾಲದ 1678ರ ಒಪ್ಪಂದದಲ್ಲಿ ಅಕ್ಕಿಯ ಮೂಟೆಗಳ ಮಾತೂ ಬರುತ್ತದೆ, ಅರಬರ ವ್ಯಾಪಾರಕ್ಕೆ ತಡೆಯ ಮಾತೂ ಬರುತ್ತದೆ. ಆ ತಡೆಯ ಸೇಡನ್ನು ಮಸ್ಕತ್ತಿನ ಅರಬರು ತೀರಿಸಿಕೊಂಡದ್ದು 1695ರಲ್ಲಿ, ಮಂಗಳೂರಿಗೆ ಬೆಂಕಿಯಿಟ್ಟು. 1674ರಲ್ಲಿ ಅವರು ವಸಯಿಗೂ ಬಂದು ಸೂರೆ ಮಾಡಿದ್ದರು. ನೋಡಿ, ಮಂಗಳೂರಿಗೂ ವಸಯಿಗೂ ಬೆಂಕಿ ಒಂದೇ ದಿಕ್ಕಿನಿಂದ ಬಂತು.

ನಮ್ಮ ಸಂಘಗಳ ವೇದಿಕೆಯ ಮೇಲೆ ಅಬ್ಬಕ್ಕನ ಶೌರ್ಯವನ್ನು ಕೊಂಡಾಡುತ್ತೇವೆ. ಕೊಂಡಾಡಲೇಬೇಕು. ಆದರೆ ಕತ್ತಿಯ ಕಥೆ ಹೇಳುವ ನಾವು ಕಡತದ ಕಥೆಯನ್ನು ಹೇಳುವುದಿಲ್ಲ. ಕೆಳದಿಯವರನ್ನು ಇಂದಿನ ಅರ್ಥದ ದೇಶಭಕ್ತರನ್ನಾಗಿ ಮಾಡುವುದೂ ಸರಿಯಲ್ಲ. ಡಚ್ಚರನ್ನು ಪೋರ್ಚುಗೀಸರ ಮೇಲೆ, ಪೋರ್ಚುಗೀಸರನ್ನು ಅರಬರ ಮೇಲೆ ಎತ್ತಿಕಟ್ಟಿ ಅಕ್ಕಿಗೆ ಒಳ್ಳೆಯ ಬೆಲೆ ತೆಗೆದವರು ಅವರು. ಅದು ರಾಜನೀತಿ. ಆ ಬೆಲೆಯಲ್ಲಿ ಗದ್ದೆಯ ಕೆಸರಿನಲ್ಲಿ ನಿಂತ ಒಕ್ಕಲಿಗೆ ಎಷ್ಟು ಸಂದಿತು ಎಂಬುದನ್ನು ಲಿಸ್ಬನ್ನಿನ ಕಾಗದವೂ ಬರೆಯಲಿಲ್ಲ, ಇಕ್ಕೇರಿಯ ಕವಿಯೂ ಹಾಡಲಿಲ್ಲ.

ಮುಂದಿನದನ್ನು ಬೇಗ ಹೇಳುತ್ತೇನೆ. 1737ರಲ್ಲಿ ಮರಾಠರು ಸಾಷ್ಟಿಗೆ ನುಗ್ಗಿದರು; 1739ರಲ್ಲಿ ಚಿಮಾಜಿ ಅಪ್ಪ ವಸಯಿಯನ್ನು ಗೆದ್ದ. ಮಂಡಪೇಶ್ವರದಲ್ಲಿ ಮತ್ತೆ ಗಂಟೆ ಮೊಳಗಿತು. 1774ರ ಕೊನೆಯಲ್ಲಿ ಇಂಗ್ಲಿಷರು ಠಾಣೆಯನ್ನು ಹಿಡಿದರು. 1782ರ ಸಾಲ್‌ಬಾಯಿ ಒಪ್ಪಂದದಿಂದ ಸಾಷ್ಟಿ ಅವರಿಗೆ ಖಾಯಮ್ಮಾಯಿತು. ಅಲ್ಲಿ 1763ರಲ್ಲಿ ಬಿದನೂರು ಹೈದರಾಲಿಗೆ ಸೋತಿತು. 1799ರಲ್ಲಿ ಟಿಪ್ಪು ಬಿದ್ದಮೇಲೆ ಕನ್ನಡ ಜಿಲ್ಲೆ ಕಂಪನಿಯ ಪಾಲಾಗಿ ಮದರಾಸಿಗೆ ಸೇರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಕೊಟ್ಟರು. ಕಾರವಾರದವನಿಗೆ ಮುಂಬಯಿ ಅಂದಿನಿಂದ 1956ರವರೆಗೆ ಪರಸ್ಥಳವಾಗಿರಲಿಲ್ಲ, ಸ್ವಂತ ಪ್ರಾಂತದ ರಾಜಧಾನಿಯಾಗಿತ್ತು. ನಮ್ಮನ್ನು ಹೊರನಾಡ ಕನ್ನಡಿಗರೆಂದು ಕರೆಯುವವರಿಗೆ, ನಮ್ಮೂರಿನವರಿಗೂ ಸೇರಿಸಿ, ಈ 94 ವರ್ಷಗಳನ್ನು ನೆನಪಿಸುವುದು ತಪ್ಪಲ್ಲ.

ಅಂಜದೀವದ ಕಥೆ ಮಾತ್ರ ಉಳಿಯಿತು. ಇಂಗ್ಲಿಷರು ಬಿಟ್ಟುಹೋದ ದ್ವೀಪದಲ್ಲಿ ಪೋರ್ಚುಗೀಸರು 1682ರಲ್ಲಿ ಮತ್ತೆ ಕೋಟೆ ಕಟ್ಟಿದರು. ಕಾರವಾರ ಇಂಗ್ಲಿಷರದಾದ ಮೇಲೂ, ಸ್ವತಂತ್ರ ಭಾರತದ್ದಾದ ಮೇಲೂ, ಕಣ್ಣೆದುರಿನ ಆ ತುಂಡು ನೆಲ ಪೋರ್ಚುಗಲ್ಲಿನದಾಗಿಯೇ ಇತ್ತು. 1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆಯ ಕಾಲಕ್ಕೆ ಅದನ್ನು ಹಿಡಿಯಲು ಇಳಿದ ನಮ್ಮ ನೌಕಾಪಡೆಯ ಏಳು ಮಂದಿ ಗುಂಡಿಗೆ ಬಲಿಯಾದರು. ಇಂದು ಅದು ಲೆಕ್ಕದಲ್ಲಿ ಗೋವಾ ರಾಜ್ಯದ್ದು, ದಡ ಕರ್ನಾಟಕದ್ದು, ಕಾವಲು ಕದಂಬ ನೌಕಾನೆಲೆಯದು. ದ್ವೀಪದ ಇಗರ್ಜಿಯ ಫೆಬ್ರವರಿಯ ಹಬ್ಬಕ್ಕೆ ದೋಣಿ ಹತ್ತಿ ಹೋಗುತ್ತಿದ್ದ ಕಾರವಾರ-ಗೋವೆಗಳ ಭಕ್ತರಿಗೆ ನೌಕಾನೆಲೆ ಬಂದಮೇಲೆ ಆ ದಾರಿ ಮುಚ್ಚಿತು. ಈಗ ಅವರು ಬಿಣಗಾದ ದಡದಿಂದಲೇ ಅದನ್ನು ನೋಡಬೇಕು.